ಜ್ವಾಲಾಮುಖಿಯ ಬಾಣಲೆಯೊಳಗೆ ಒಂದು ಊರು

ಕೇಳುಗರಿಗೆ ನಮಸ್ಕಾರ.

ಜ್ವಾಲಾಮುಖಿ ಹತ್ತಲು ಹೋಗುವವರು ಅದರ ಬುಡದ ಊರನ್ನು ಅಷ್ಟಾಗಿ ಗಮನಿಸುವುದಿಲ್ಲ. ರಾತ್ರಿ ಬಂದು ಮಲಗುತ್ತಾರೆ, ಬೆಳಗ್ಗೆ ಹತ್ತುತ್ತಾರೆ, ಇಳಿದ ಕೂಡಲೇ ಗಾಡಿ ಹಿಡಿಯುತ್ತಾರೆ. ಇವತ್ತು ನಾನು ಹೇಳುವ ಜಾಗದಲ್ಲಿ ಹಾಗೆ ಮಾಡಿದರೆ ನಷ್ಟ ನಮಗೇ. ಅಲ್ಲಿ ಬೆಟ್ಟಕ್ಕಿಂತ ಊರಿನ ಕಥೆ ದೊಡ್ಡದು.

ಆಫ್ರಿಕಾದ ಪಶ್ಚಿಮಕ್ಕೆ, ಸೆನೆಗಲ್ ಕರಾವಳಿಯಿಂದ ಸುಮಾರು 600 ಕಿಲೋಮೀಟರ್ ಆಚೆ, ಅಟ್ಲಾಂಟಿಕ್ ಸಾಗರದಲ್ಲಿ ಕೇಪ್ ವರ್ಡ್ ಎಂಬ ಪುಟ್ಟ ದೇಶವಿದೆ. ಹತ್ತು ದ್ವೀಪಗಳು. 1975ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಆ ಹತ್ತರಲ್ಲಿ ಒಂದು ಫೋಗೋ. ದ್ವೀಪವೆಲ್ಲ ಒಂದೇ ಜ್ವಾಲಾಮುಖಿ. ಅದರ ನೆತ್ತಿಯಲ್ಲಿ ಬಾಣಲೆಯಂಥ ದೊಡ್ಡ ಕುಳಿ, ಅಗಲ ಸುಮಾರು 9 ಕಿಲೋಮೀಟರ್. ಮೂರು ಕಡೆ ಕಡಿದಾದ ಕಲ್ಲಿನ ಗೋಡೆ, ಕೆಲವೆಡೆ ಅದರ ಎತ್ತರ ಸಾವಿರ ಮೀಟರ್ ಮುಟ್ಟುತ್ತದೆ. ಪೂರ್ವಕ್ಕೆ ಮಾತ್ರ ಗೋಡೆಯೇ ಇಲ್ಲ. ಸುಮಾರು 73 ಸಾವಿರ ವರ್ಷಗಳ ಹಿಂದೆ ಆ ಮಗ್ಗುಲು ಪೂರ್ತಿ ಕುಸಿದು ಸಮುದ್ರಕ್ಕೆ ಬಿತ್ತು. ಆಗ ಎದ್ದ ಸುನಾಮಿ ಎದುರಿನ ಸಾಂತಿಯಾಗೋ ದ್ವೀಪದಲ್ಲಿ ನೂರಾರು ಟನ್ ತೂಕದ ಬಂಡೆಗಳನ್ನು ಸುಮಾರು 200 ಮೀಟರ್ ಎತ್ತರಕ್ಕೆ ಒಯ್ದು ಹಾಕಿದೆ. ಆ ಬಂಡೆಗಳು ಇವತ್ತಿಗೂ ಅಲ್ಲೇ ಇವೆ.

ಈ ಬಾಣಲೆಯ ಒಳಗೆ, ಸುಮಾರು 1,700 ಮೀಟರ್ ಎತ್ತರದಲ್ಲಿ ಒಂದು ಊರು. ಹೆಸರು ಶಾ ದಾಸ್ ಕಾಲ್ಡೇರಾಸ್. ಜ್ವಾಲಾಮುಖಿಯ ತಪ್ಪಲಲ್ಲಿ ಅಲ್ಲ, ಒಳಗೇ!

2014ರ ನವೆಂಬರ್ 23ರಂದು ನೆಲ ಸೀಳಿ ಲಾವಾ ಹೊರಬಂತು. ಅದು ನಿಂತದ್ದು ಮುಂದಿನ ವರ್ಷ ಫೆಬ್ರವರಿಯಲ್ಲಿ. ಊರಿನ ಎರಡು ಭಾಗಗಳಾದ ಪೋರ್ತೆಲಾ, ಬಾಂಗೈರಾ ಎರಡೂ ಬಹುಪಾಲು ಲಾವಾದಡಿ ಹೋದವು. ಶಾಲೆ, ಮನೆ, ರಸ್ತೆ, ಹೊಲ, ಹೆಚ್ಚಿನವು ಉಳಿಯಲಿಲ್ಲ. ಆದರೆ ಒಬ್ಬರೂ ಸಾಯಲಿಲ್ಲ. ಲಾವಾ ನಿಧಾನಕ್ಕೆ ಬರುತ್ತಿತ್ತು. ಜನ ಹಾಸಿಗೆ, ಪಾತ್ರೆ ಮಾತ್ರವಲ್ಲ, ಬಾಗಿಲು ಕಿಟಕಿಗಳನ್ನೂ ಕಿತ್ತು ಸಾಗಿಸಿದರು. ಗೋಡೆ ಹೋದರೂ ಬಾಗಿಲು ಉಳಿದರೆ ಅಷ್ಟೇ ಲಾಭ ಅಲ್ವಾ?

1995ರ ಸ್ಫೋಟದ ನಂತರ ಸರ್ಕಾರ ಇವರಿಗಾಗಿ ಕುಳಿಯ ಹೊರಗೆ, ಕೆಳಗಡೆ ಮನೆ ಕಟ್ಟಿಸಿಕೊಟ್ಟಿತ್ತು. ಆಗಲೂ ಜನ ವಾಪಸ್ ಬಂದರು. 2015ರಲ್ಲೂ ಬಂದರು. ತಣ್ಣಗಾಗುತ್ತಿದ್ದ ಲಾವಾದ ಮೇಲೆಯೇ ಹೊಸ ಮನೆ ಕಟ್ಟಿದರು. ಮೊದಮೊದಲು ಕೆಲವು ಮನೆಗಳ ನೆಲ ಕಾಲಿಗೆ ಬೆಚ್ಚಗೆ ತಾಗುತ್ತಿತ್ತಂತೆ. ಕೇಳಿದರೆ ಹುಚ್ಚು ಅನ್ನಿಸುತ್ತದೆ. ಅಲ್ಲಿ ಉಳಿದು ನೋಡಿದ ಮೇಲೆ ನನಗೆ ಹಾಗನ್ನಿಸಲಿಲ್ಲ.

ಕಾರಣ ದ್ರಾಕ್ಷಿ. ಕಪ್ಪು ಗರಸಿನ ನೆಲದಲ್ಲಿ ಸಣ್ಣ ಗುಂಡಿ ತೋಡಿ ಬಳ್ಳಿ ನೆಡುತ್ತಾರೆ. ಚಪ್ಪರ ಇಲ್ಲ, ನೀರಾವರಿಯೂ ಇಲ್ಲ. ಬಳ್ಳಿ ನೆಲಕ್ಕೇ ಒರಗಿ ಹಬ್ಬುತ್ತದೆ. ಗರಸು ರಾತ್ರಿಯ ಇಬ್ಬನಿಯನ್ನೂ, ಅಪರೂಪದ ಮಳೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ದಾಳಿಂಬೆ, ಅಂಜೂರ, ಸೇಬು, ಹುರುಳಿಕಾಯಿ. ಕೆಳಗಿನ ಒಣ ಊರುಗಳಲ್ಲಿ ಇದ್ಯಾವುದೂ ಇಷ್ಟು ಚೆನ್ನಾಗಿ ಬರುವುದಿಲ್ಲ. ಮನೆ ಕೊಟ್ಟರು, ಹೊಲ ಎಲ್ಲಿ? ನಮ್ಮ ವಿಜಯಪುರ, ತಿಕೋಟಾ ಕಡೆಯ ದ್ರಾಕ್ಷಿ ತೋಟಗಳ ಕರಿಮಣ್ಣೂ ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾದಿಂದಲೇ ಆದದ್ದು. ನಮ್ಮದು ತಣ್ಣಗಾಗಿ ಯುಗಗಳೇ ಕಳೆದಿವೆ, ಅವರದು ಇನ್ನೂ ಆರಿಲ್ಲ, ಅಷ್ಟೇ ವ್ಯತ್ಯಾಸ.

ಈ ದ್ರಾಕ್ಷಿಯಿಂದ ಊರವರೇ ವೈನ್ ಮಾಡುತ್ತಾರೆ. ದ್ರಾಕ್ಷಿ ಇಲ್ಲಿ ಬೇರೂರಲು ಮೊಂಟ್ರೊಂಡ್ ಎಂಬ ಫ್ರೆಂಚ್ ಮನುಷ್ಯ ಕಾರಣ ಎನ್ನುತ್ತಾರೆ. 19ನೇ ಶತಮಾನದಲ್ಲಿ ಬಂದವನು ಇಲ್ಲೇ ನಿಂತುಬಿಟ್ಟ. ಅವನ ಮನೆತನದ ಹೆಸರಿನವರು ಊರಲ್ಲಿ ಇವತ್ತಿಗೂ ತುಂಬಾ ಜನ. ಕಂದು ಮೈಬಣ್ಣಕ್ಕೆ ಹೊಂಬಣ್ಣದ ಕೂದಲು ಇರುವ ಮಕ್ಕಳು ಕಂಡರೆ ಆಶ್ಚರ್ಯಪಡಬೇಡಿ.

ಉಳಿಯಲು ಊರವರ ಮನೆಗಳೇ ಇವೆ. ಸೌಕರ್ಯ ಸಾಧಾರಣ. ನೀರು ಮಾತ್ರ ಎಣಿಸಿ ಬಳಸಬೇಕು. ಇಲ್ಲಿ ಹೊಳೆಯೂ ಇಲ್ಲ, ಬಾವಿಯೂ ಇಲ್ಲ. ಮಾಳಿಗೆಯ ಮೇಲೆ ಬಿದ್ದ ಮಳೆ ನೀರನ್ನು ತೊಟ್ಟಿಯಲ್ಲಿ ಹಿಡಿದಿಡುತ್ತಾರೆ, ಸಾಲದಿದ್ದರೆ ಟ್ಯಾಂಕರ್ ತರಿಸುತ್ತಾರೆ. ಧಾರಾಳವಾಗಿ ಸ್ನಾನ ಮಾಡುವ ಅಭ್ಯಾಸ ಇದ್ದವರು ಅದನ್ನು ಕೆಳಗೇ ಬಿಟ್ಟು ಬನ್ನಿ. ಊಟಕ್ಕೆ ಕಾಶೂಪಾ, ಅಂದರೆ ಮೆಕ್ಕೆಜೋಳ, ಕಾಳು ಹಾಕಿ ಗಂಟೆಗಟ್ಟಲೆ ಬೇಯಿಸಿದ ಅಡುಗೆ. ಮಾಂಸ ಬೇಡ ಅಂತ ಮೊದಲೇ ಹೇಳಿದರೆ ಬರೀ ಕಾಳಿನದೂ ಸಿಗುತ್ತದೆ. ಮೇಲೆ ಮೇಕೆ ಹಾಲಿನ ಚೀಸ್.

ಇನ್ನು ಚಾರಣ. ಬಾಣಲೆಯ ಒಳಗಿಂದಲೇ ಎದ್ದಿರುವ ಪೀಕು ದೋ ಫೋಗೋ ಶಿಖರ 2,829 ಮೀಟರ್. ಊರಿನಿಂದ ಸುಮಾರು 1,100 ಮೀಟರ್ ಏರಬೇಕು. ಬಿಸಿಲು ಏರುವ ಮುನ್ನ, ನಸುಕಿನಲ್ಲೇ ಹೊರಡುತ್ತಾರೆ. ಊರಿನ ಗೈಡ್ ಇಲ್ಲದೆ ಹೋಗಬಾರದು. ದಾರಿ ಉದ್ದಕ್ಕೂ ಸಡಿಲ ಗರಸು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತೀರಿ. ಮೇಲಕ್ಕೆ ಹೋದಂತೆ ಕೈ ಊರಿ ಬಂಡೆ ಹತ್ತಬೇಕು. ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ತುದಿಯಲ್ಲಿ ಗಂಧಕದ ವಾಸನೆ, ಕಾಲಡಿಯಲ್ಲಿ ಆಳವಾದ ಬಾಯಿ. ವಿಚಿತ್ರ ಅಂದರೆ, 18ನೇ ಶತಮಾನದ ನಂತರ ಈ ಬಾಯಿಂದ ಲಾವಾ ಬಂದಿಲ್ಲ. 1951, 1995, 2014, ಎಲ್ಲವೂ ಬುಡದ ಸೀಳುಗಳಿಂದಲೇ. ಅಂದರೆ ಅಪಾಯ ಇರುವುದು ನೀವು ಹತ್ತಿದ ಶಿಖರದಲ್ಲಲ್ಲ, ರಾತ್ರಿ ಮಲಗಿದ್ದ ಬಯಲಿನಲ್ಲಿ.

ಇಳಿಯುವುದು ಮಜಾ. ಬೂದಿಯ ಇಳಿಜಾರಿನಲ್ಲಿ ಹಿಮ್ಮಡಿ ಊರಿ ಓಡುತ್ತಲೇ ಬರಬಹುದು. ಮೇಲೇರಲು ಹಿಡಿದ ಹೊತ್ತಿಗಿಂತ ತುಂಬಾ ಕಡಿಮೆ ಸಾಕು. ಶೂ ತುಂಬಾ ಕಲ್ಲು ತುಂಬುತ್ತದೆ, ಅದಕ್ಕೆ ಉದ್ದ ಕಾಲುಚೀಲ ಇರಲಿ. ಮಂಡಿ ನೋವಿನವರು ಸುಮ್ನೆ ಓಡಲು ಹೋಗಬೇಡಿ.

ಕೊನೆಗೆ ಒಂದು ಉಪಯೋಗದ ಮಾತು. ಪೇಟೆಯಾದ ಸಾವ್ ಫಿಲಿಪ್‌ಗೆ ಹೋಗುವ ಶೇರ್ ಗಾಡಿಗಳು ಸಾಮಾನ್ಯವಾಗಿ ಬೆಳಗಿನ ಜಾವವೇ ಕೆಳಗಿಳಿಯುತ್ತವೆ. ಆ ಹೊತ್ತಿಗೆ ನೀವು ಬೆಟ್ಟದ ಮೇಲಿರುತ್ತೀರಿ. ಬಾಡಿಗೆ ಟ್ಯಾಕ್ಸಿ ಸಿಗುತ್ತದೆ, ದುಡ್ಡು ಜಾಸ್ತಿ. ಅದರ ಬದಲು ಇನ್ನೊಂದು ರಾತ್ರಿ ಅಲ್ಲೇ ಉಳಿದುಬಿಡಿ. ಆ ದುಡ್ಡು ಗಾಡಿಯವರಿಗಲ್ಲ, ಊರಿನ ಮನೆಯವರಿಗೇ ಸೇರುತ್ತದೆ. ಮಧ್ಯಾಹ್ನ ತೋಟದ ಕಡೆ ನಡೆದು ಬರಲೂ ಹೊತ್ತು ಸಿಗುತ್ತದೆ.

ನಮಸ್ಕಾರ.