ಒಪ್ಪಿಗೆಯ ಸಹಿ ಯಾರದು?

ಕೇಳುಗ ಬಾಂಧವರಿಗೆ ಕಲಬುರಗಿಯಿಂದ ನಮಸ್ಕಾರ.

ನಮ್ಮ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್‌ನಲ್ಲಿ. ಹಳಿ ಹಾಸಿದ ಮಾತ್ರಕ್ಕೆ ಹೊಸ ಮಾರ್ಗದಲ್ಲಿ ಪ್ರಯಾಣಿಕರ ಗಾಡಿ ಓಡುವಂತಿಲ್ಲ. ಮೊದಲು ರೈಲ್ವೆ ಸುರಕ್ಷತಾ ಆಯುಕ್ತರು ಬಂದು ನೋಡಿ ಒಪ್ಪಿಗೆ ಕೊಡಬೇಕು. ಅವರು ಟ್ರಾಲಿಯಲ್ಲಿ ಸಾಗುತ್ತಾ, ಸೇತುವೆ ಬಂದಲ್ಲಿ ಇಳಿದು, ತಿರುವಿನಲ್ಲಿ ಎರಡು ಹಳಿಗಳ ಅಂತರವನ್ನು ಅಳೆಯಿಸಿ, ಕೊನೆಗೆ ರೈಲನ್ನು ವೇಗವಾಗಿ ಓಡಿಸಿ ನೋಡುತ್ತಾರೆ. ಈ ಆಯುಕ್ತರು ರೈಲ್ವೆ ಸಚಿವಾಲಯದ ಅಧೀನದಲ್ಲಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು. ರೈಲ್ವೆಯ ಅವಸರಕ್ಕೆ ಅವರು ತಲೆಬಾಗಬೇಕಿಲ್ಲ.

ಅಂತರಿಕ್ಷಯಾನಕ್ಕೂ ಇಂಥವರೇ ಬೇಕು.

1967ರ ಜನವರಿಯಲ್ಲಿ ಅಮೆರಿಕದ ಅಪೊಲೊ 1 ನೌಕೆಗೆ ನೆಲದ ಮೇಲಿನ ಪರೀಕ್ಷೆಯಲ್ಲೇ ಬೆಂಕಿ ಹೊತ್ತಿಕೊಂಡು ಮೂವರು ಗಗನಯಾತ್ರಿಗಳು ಸತ್ತರು. ಆ ದುರಂತದ ಬಳಿಕ ಅಲ್ಲಿನ ಸಂಸತ್ತು ಅಮೆರಿಕದ ಅಂತರಿಕ್ಷ ಸಂಸ್ಥೆ ನಾಸಾದ ಮೇಲೆ ಕಣ್ಣಿಡಲು ಸುರಕ್ಷತಾ ಸಲಹಾ ಮಂಡಳಿಯೊಂದನ್ನು ರಚಿಸಿತು. ಆದರೆ ಅದು ಸಲಹೆ ಕೊಡಬಹುದಿತ್ತೇ ಹೊರತು ಉಡಾವಣೆಯನ್ನು ತಡೆಯುವಂತಿರಲಿಲ್ಲ. ದುಡ್ಡಿನ ಕೊರತೆಯಿಂದ, ಗಗನಯಾತ್ರಿಗಳನ್ನು ಹೊತ್ತು ಹೋಗಿಬರುವ ಷಟಲ್ ನೌಕೆಗಳ ಸುಧಾರಣೆಯನ್ನು ಮುಂದೂಡಬೇಡಿ ಎಂದು ಅದರ ಮಾಜಿ ಅಧ್ಯಕ್ಷರು 2002ರಲ್ಲಿ ಸಂಸತ್ತಿನೆದುರು ಎಚ್ಚರಿಸಿದ್ದರು.

ಮರುವರ್ಷ ಅಂಥದೇ ಒಂದು ಷಟಲ್, ಕೊಲಂಬಿಯಾ. ಉಡಾವಣೆಯಾಗಿ 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಹೊದಿಕೆಯಿಂದ ನೊರೆಯಂತೆ ಹಗುರವಾದ ಚೂರೊಂದು ಕಿತ್ತು ಎಡರೆಕ್ಕೆಗೆ ಬಡಿಯಿತು. ರೆಕ್ಕೆಯ ಚಿತ್ರ ತೆಗೆಸಿಕೊಡಿ ಎಂದು ಎಂಜಿನಿಯರುಗಳು ಕೇಳಿಕೊಂಡರು, ಮೇಲಿನವರು ಬೇಡವೆಂದರು. ಫೆಬ್ರುವರಿ 1ರಂದು ಮರಳುವಾಗ ನೌಕೆ ಚೂರುಚೂರಾಯಿತು. ನಮ್ಮ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಒಂದು ಚಿತ್ರ ಕೇಳಿದ್ದರಲ್ಲ, ಅಷ್ಟೇ! ಇಪ್ಪತ್ತು ವರ್ಷಗಳ ಮೇಲಾದರೂ ಅದು ನನ್ನ ಹೊಟ್ಟೆಯಲ್ಲಿ ಉರಿಯುತ್ತದೆ. ನಾಸಾದ ಕಾರ್ಯಸಂಸ್ಕೃತಿಯ ತಪ್ಪು ಆ ಚೂರಿನಷ್ಟೇ ದೊಡ್ಡದು ಎಂದು ತನಿಖಾ ಮಂಡಳಿಯೂ ಹೇಳಿತು.

ಈಗ ನಮ್ಮ ಗಗನಯಾನ, ಭಾರತೀಯರನ್ನು ಅಂತರಿಕ್ಷಕ್ಕೆ ಕಳಿಸುವ ಇಸ್ರೋ ಯೋಜನೆ. ಅದಕ್ಕೆ ಆಯ್ಕೆಯಾಗಿ 2024ರಲ್ಲಿ ದೇಶಕ್ಕೆ ಪರಿಚಯವಾದ ನಾಲ್ವರೂ ವಾಯುಪಡೆಯ ಪೈಲಟ್‌ಗಳು. ತಮ್ಮೂರಿನ ವಾಯುನೆಲೆಯ ಹಾಕ್ ತರಬೇತಿ ವಿಮಾನಗಳ ಸದ್ದು ಕೇಳುತ್ತಲೇ ದಿನ ಕಳೆಯುವ ಬೀದರಿನವರಿಗೆ ವಾಯುಪಡೆಯ ಮಕ್ಕಳು ಹೊರಗಿನವರಲ್ಲ. ಇಸ್ರೋದ ವಿಜ್ಞಾನಿಗಳ ಮೇಲೆ ನನಗೆ ಪೂರ್ಣ ನಂಬಿಕೆಯಿದೆ. ಆದರೂ ಉಡಾವಣೆಯ ದಿನ ಗೊತ್ತು ಮಾಡುವವರ ಕೈಕೆಳಗಿಲ್ಲದ ಒಬ್ಬರು ಎಲ್ಲವನ್ನೂ ನೋಡಿ ಸಹಿ ಹಾಕಬೇಕು. ಬೇಡವೆನಿಸಿದರೆ ನಿಲ್ಲಿಸುವ ಅಧಿಕಾರವೂ ಅವರಿಗಿರಬೇಕು. ಅವರ ವರದಿ ಸಂಸತ್ತಿಗೆ ಬರಲಿ, ಕನ್ನಡದಲ್ಲೂ ಬರಲಿ. ಇದೇ ಬಾನುಲಿಯಲ್ಲಿ ಅದನ್ನು ನಿಮಗೆ ಓದಿ ಹೇಳಲು ನಾನು ಸಿದ್ಧ.

ನಮಸ್ಕಾರ.