ಬಾಗಿಲ ಹಿಂದೆ ನಿಂತವರು

ಕೇಳುಗರೆ, ನಮಸ್ಕಾರ.

ನಮ್ಮೂರು ನಂಜನಗೂಡಿನ ಹತ್ತಿರದ ಒಂದು ಹಳ್ಳಿ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಸ್ಸು ಬರಲು ಇನ್ನು ಕಾಲು ಗಂಟೆ. ಅಮ್ಮ ಮೊಸರಿಗೆ ಸಕ್ಕರೆ ಕಲಸಿ ಅಂಗೈಗೆ ಹಾಕಿದರು. ದೇವರ ಮುಂದೆ ಇಟ್ಟಿದ್ದ ಪೆನ್ನನ್ನು ಅಪ್ಪ ತಂದುಕೊಟ್ಟರು. ಅಜ್ಜಿ ಜಗಲಿಯಲ್ಲಿ ನಿಂತು ಬೀದಿಯ ಆ ತುದಿ ಈ ತುದಿ ನೋಡುತ್ತಿದ್ದರು. ಯಾರು ಎದುರು ಬಂದುಬಿಡುತ್ತಾರೋ ಅನ್ನುವ ಚಿಂತೆ ಅವರಿಗೆ. ಅಷ್ಟರಲ್ಲಿ ತಮ್ಮ ಸೀನಿದ. ಒಂಟಿ ಸೀನು. ಸರಿ, ವಾಪಸ್ ಒಳಗೆ ಬಂದು ಕೂತೆ. ಒಂದು ಲೋಟ ನೀರು ಕುಡಿದು ಮತ್ತೆ ಎದ್ದೆ.

ಏಳುವಾಗ ಅಡುಗೆಮನೆ ಬಾಗಿಲ ಸಂದಿಯಲ್ಲಿ ಒಂದು ಸೀರೆಯ ಅಂಚು ಕಂಡಿತು. ನಮ್ಮ ಅತ್ತೆ. ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಆ ಮೊಸರಿಗೆ ಹೆಪ್ಪು ಹಾಕಿದ್ದು ಅವರೇ. ಬೆಳಗಿನ ಜಾವ ನಾಲ್ಕಕ್ಕೆ ನನ್ನನ್ನು ಎಬ್ಬಿಸಿ, ಕಾಫಿ ಕೊಟ್ಟು, ಪಕ್ಕದಲ್ಲಿ ಕೂತು ಪದ್ಯ ಒಪ್ಪಿಸಿಕೊಂಡವರೂ ಅವರೇ. ಆದರೆ ನಾನು ಹೊಸ್ತಿಲು ದಾಟುವ ಹೊತ್ತಿಗೆ ಅವರು ಬಾಗಿಲ ಹಿಂದೆ ಸರಿದಿದ್ದರು. ಸರಿದುಕೋ ಅಂತ ಯಾರೂ ಅಂದಿರಲಿಲ್ಲ. ಅನ್ನುವ ಅಗತ್ಯವೇ ಇರಲಿಲ್ಲ.

ಶಕುನ, ಅಪಶಕುನದ ಬಗ್ಗೆ ಮಾತಾಡಬೇಕು ಅಂದಾಗ ನನಗೆ ಮೊದಲು ನೆನಪಾಗಿದ್ದು ಆ ಸೀರೆಯ ಅಂಚು. ಅದಕ್ಕೇ ಅಲ್ಲಿಂದಲೇ ಶುರು ಮಾಡಿದೆ.

ನಮ್ಮ ದಿನದ ತುಂಬ ಶಕುನಗಳೇ ಅಲ್ವಾ? ಬೆಳಗ್ಗೆ ಕಾಗೆ ಕೂಗಿದರೆ ನೆಂಟರು ಬರುತ್ತಾರೆ. ಗಂಡಸರಿಗೆ ಬಲಗಣ್ಣು, ಹೆಂಗಸರಿಗೆ ಎಡಗಣ್ಣು ಅದುರಿದರೆ ಒಳ್ಳೆಯದು. ದೀಪ ಹಚ್ಚಿದ ಮೇಲೆ ಕಸ ಗುಡಿಸಿ ಆಚೆ ಹಾಕಬಾರದು. ರಾತ್ರಿ ಉಗುರು ಕತ್ತರಿಸಬಾರದು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ. ಶುಕ್ರವಾರ ದುಡ್ಡು ಆಚೆ ಹೋಗಬಾರದು. ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಲೇಬಾರದು. ಕೇಳಬೇಕು ಅನ್ನಿಸಿದರೆ ‘ದೂರ ಹೊರಟ್ರಾ?’ ಅನ್ನಬೇಕು.

ಇವುಗಳಲ್ಲಿ ಕೆಲವು ನನಗೆ ತುಂಬ ಇಷ್ಟ. ‘ಹೋಗ್ತೀನಿ’ ಅನ್ನಬೇಡ, ‘ಹೋಗಿ ಬರ್ತೀನಿ’ ಅನ್ನು ಅಂತ ನಮ್ಮನ್ನೆಲ್ಲ ತಿದ್ದಿದ್ದಾರೆ. ಡಬ್ಬಿಯಲ್ಲಿ ಕುಂಕುಮ ಮುಗಿದರೆ ಅಜ್ಜಿ ‘ಮುಗೀತು’ ಅನ್ನುತ್ತಿರಲಿಲ್ಲ, ‘ಹೆಚ್ಚಿದೆ’ ಅನ್ನುತ್ತಿದ್ದರು. ಮಾತಿಗೆ ಅಷ್ಟು ಶಕ್ತಿ ಇದೆ ಅಂತ ನಂಬಿದ್ದ ಜನ ಅವರು. ಇದರಿಂದ ಯಾರಿಗೂ ಏನೂ ನಷ್ಟ ಇಲ್ಲ. ನನ್ನ ಮಗಳು ಬೇರೆ ಊರಿಂದ ಫೋನ್ ಮಾಡಿ ಮಾತು ಮುಗಿಸುವಾಗ ‘ಹೋಗಿ ಬರ್ತೀನಿ ಅಮ್ಮಾ’ ಅಂದರೆ ನನ್ನ ಎದೆಗೆ ಸಮಾಧಾನ. ಅದನ್ನು ಮೂಢನಂಬಿಕೆ ಅಂತ ಕರೆದು ಕಿತ್ತುಹಾಕಿ ಅಂತ ನಾನಂತೂ ಹೇಳುವುದಿಲ್ಲ.

ಇನ್ನು ಹಲ್ಲಿ. ಮಾತಿನ ಮಧ್ಯೆ ಹಲ್ಲಿ ಲೊಚಗುಟ್ಟಿದರೆ ಅಜ್ಜಿ ಬೆರಳಿನಿಂದ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತಿದ್ದರು. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ಬಿಚ್ಚುತ್ತಿದ್ದರು. ತಲೆ ಮೇಲೆ ಬಿದ್ದರೆ ಒಂದು ಫಲ, ಭುಜಕ್ಕೆ ಬಿದ್ದರೆ ಇನ್ನೊಂದು. ಕಂಚಿಯ ವರದರಾಜ ಸ್ವಾಮಿ ದೇವಸ್ಥಾನದಲ್ಲಿ ಚಿನ್ನದ ಹಲ್ಲಿ, ಬೆಳ್ಳಿ ಹಲ್ಲಿ ಇವೆ. ಅವನ್ನು ಮುಟ್ಟಿ ಬಂದವರನ್ನು ಮುಟ್ಟಿದರೂ ದೋಷ ಹೋಗುತ್ತದೆ ಅಂತ ನಮ್ಮ ಬೀದಿಯಲ್ಲಿ ನಂಬಿಕೆ. ಪಾಪ, ಹಲ್ಲಿ ಕೂಗುವುದು ಇನ್ನೊಂದು ಹಲ್ಲಿಗಾಗಿ. ಇದು ನನ್ನ ಜಾಗ ಅಂತಲೋ, ನಾನಿಲ್ಲಿದ್ದೀನಿ ಬಾ ಅಂತಲೋ ಅದು ಹೇಳುತ್ತಿರುತ್ತದೆ. ನಮ್ಮ ಮಾತಿನ ಗೊಡವೆ ಅದಕ್ಕಿಲ್ಲ.

ರಾಹುಕಾಲದ ಲೆಕ್ಕ ನೋಡಿ. ಸೂರ್ಯ ಹುಟ್ಟಿ ಮುಳುಗುವವರೆಗಿನ ಹೊತ್ತನ್ನು ಎಂಟು ಭಾಗ ಮಾಡುತ್ತಾರೆ. ಅದರಲ್ಲೊಂದು ಭಾಗ ರಾಹುವಿಗೆ. ಹಗಲು ಹನ್ನೆರಡು ಗಂಟೆ ಅಂತ ಹಿಡಿದರೆ ಒಂದೊಂದು ಭಾಗ ಒಂದೂವರೆ ಗಂಟೆ. ಸೋಮವಾರ ಏಳೂವರೆಯಿಂದ ಒಂಬತ್ತು, ಭಾನುವಾರ ಸಂಜೆ ನಾಲ್ಕೂವರೆಯಿಂದ ಆರು. ಸೋಮವಾರದ ಆ ಒಂದೂವರೆ ಗಂಟೆ ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೊರಡುವ ಹೊತ್ತು. ಬಸ್ಸು, ಟ್ರೈನು ಯಾವುದೂ ನಿಲ್ಲುವುದಿಲ್ಲ. ಅವತ್ತು ಹೊರಟವರು ಸಂಜೆ ಮನೆಗೆ ಬಂದು ಊಟ ಮಾಡಿ ಮಲಗುತ್ತಾರೆ. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗುಟ್ಟು ಇರುವುದೇ ಅಲ್ಲಿ. ಬೆಕ್ಕು ಅಡ್ಡ ಬಂದ ದಿನ ಸೈಕಲ್ ಪಂಚರ್ ಆದರೆ ಹತ್ತು ವರ್ಷ ನೆನಪಿರುತ್ತದೆ. ಬೆಕ್ಕು ಅಡ್ಡ ಬಂದೂ ಏನೂ ಆಗದ ನೂರು ದಿನ ಮರೆತುಹೋಗುತ್ತವೆ. ಇದು ಮನುಷ್ಯರಿಗೆ ಮಾತ್ರ ಅಂಟಿದ ಗುಣ ಅಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದರು. ಅವು ಏನು ಮಾಡಲಿ ಬಿಡಲಿ, ಕಾಳು ಮಾತ್ರ ಗೊತ್ತಾದ ಹೊತ್ತಿಗೆ ಬರುತ್ತಿತ್ತು. ಆದರೂ ಒಂದು ಪಾರಿವಾಳ ಪೆಟ್ಟಿಗೆಯೊಳಗೆ ಗಿರಗಿರ ಸುತ್ತಲು ಶುರು ಮಾಡಿತು. ಇನ್ನೊಂದು ಮೇಲಿನ ಮೂಲೆಗೆ ಮತ್ತೆ ಮತ್ತೆ ತಲೆ ಚಾಚುತ್ತಿತ್ತು. ಕಾಳು ಬಂದಾಗ ತಾವು ಏನು ಮಾಡುತ್ತಿದ್ದವೋ ಅದನ್ನೇ ಹಿಡಿದುಕೊಂಡವು. ನನಗೆ ಅವುಗಳ ಮೇಲೆ ಕನಿಕರ ಬರುತ್ತದೆ. ಹೊಟ್ಟೆ ಹಸಿದಾಗ, ಭಯ ಆದಾಗ, ನಮ್ಮ ಕೈಯಲ್ಲಿ ಏನೂ ಇಲ್ಲದಾಗ ಏನಾದರೂ ಒಂದನ್ನು ಹಿಡಿದುಕೊಳ್ಳೋಣ ಅನ್ನಿಸುತ್ತದೆ. ಪರೀಕ್ಷೆಯ ದಿನ ನಾನೂ ಹಾಗೇ ಇದ್ದೆ.

ಈಗ ನಮ್ಮ ಪಕ್ಕದ ಊರಿನ ಕಥೆ ಹೇಳಬೇಕು. ಚಾಮರಾಜನಗರ. ಮೊದಲು ಅದರ ಹೆಸರು ಅರಿಕುಠಾರ. ಚಾಮರಾಜ ಒಡೆಯರ್ ಹುಟ್ಟಿದ ಊರು ಅಂತ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರ್ 1818ರಲ್ಲಿ ಈ ಹೆಸರಿಟ್ಟರು. ಇಂಥ ಊರಿಗೆ ಒಂದು ಅಪವಾದ ಅಂಟಿಕೊಂಡಿತು. ಅಲ್ಲಿಗೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಅಂತ. ಜನ ಹೆಸರುಗಳನ್ನು ಬೆರಳೆಣಿಸಿ ಹೇಳುತ್ತಿದ್ದರು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ.

ಆ ಪಟ್ಟಿಯನ್ನು ಇನ್ನೊಂದು ಸಲ ನೋಡಿ. ಗುಂಡೂರಾವ್ 1983ರ ಚುನಾವಣೆಯಲ್ಲಿ ಸೋತರು. ಹೆಗಡೆಯವರು 1988ರಲ್ಲಿ ಫೋನ್ ಕದ್ದಾಲಿಕೆಯ ಗದ್ದಲದಲ್ಲಿ ರಾಜೀನಾಮೆ ಕೊಟ್ಟರು. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದು, ಅದು ಸುಪ್ರೀಂ ಕೋರ್ಟಿಗೆ ಹೋಗಿ 1994ರಲ್ಲಿ ದೊಡ್ಡ ತೀರ್ಪು ಬಂದಿದ್ದು ಕಾನೂನು ಓದುವ ಮಕ್ಕಳಿಗೆಲ್ಲ ಗೊತ್ತು. ವೀರೇಂದ್ರ ಪಾಟೀಲರನ್ನು 1990ರಲ್ಲಿ, ಅವರು ಕಾಯಿಲೆ ಬಿದ್ದಿದ್ದಾಗ, ಅವರದೇ ಪಕ್ಷ ಇಳಿಸಿತು. ಒಂದೊಂದಕ್ಕೂ ಕಾರಣ ಅವತ್ತಿನ ಪೇಪರಿನಲ್ಲೇ ಬಂದಿತ್ತು. ಇವರೆಲ್ಲ ಮೈಸೂರಿಗೂ ಹೋಗಿದ್ದರು, ಹುಬ್ಬಳ್ಳಿಗೂ ಹೋಗಿದ್ದರು. ಆ ಊರುಗಳ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಚಾಮರಾಜನಗರ ಗಡಿ ಊರು, ಬಡವರ ಊರು. ಅದು ಎದುರು ಮಾತಾಡಲಿಲ್ಲ.

1997ರಲ್ಲಿ ಅದು ಜಿಲ್ಲೆ ಆಯಿತು. ಆಗಲೂ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟನೆ ಮಾಡಿದ್ದು ಮಲೆ ಮಹದೇಶ್ವರ ಬೆಟ್ಟದಿಂದ. ತನ್ನದೇ ಹಬ್ಬದ ದಿನ ಆ ಊರು ಮನೆಯೊಳಗೆ ಬಾಗಿಲ ಹಿಂದೆ ನಿಂತಿದ್ದ ಹಾಗೆ ನನಗೆ ಕಾಣುತ್ತದೆ. ಆಮೇಲೆ 2013ರಲ್ಲಿ ಮುಖ್ಯಮಂತ್ರಿ ಆದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಆ ಊರಿಗೆ ಹೋದರು. ಐದು ವರ್ಷ ಪೂರ್ತಿ ಮುಗಿಸಿದರು. ರಾಜಕೀಯದ ಮಾತು ಪಕ್ಕಕ್ಕಿಡಿ. ಆ ಊರಿನವರ ಮುಖ ನೆನೆಸಿಕೊಳ್ಳಿ. ಅವರಿಗೆ ಎಷ್ಟು ಹಗುರ ಆಗಿರಬೇಕು.

ಅದೇ ಊರಿನ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಆಷಾಢ ಅಂದರೆ ನಮ್ಮಲ್ಲಿ ಶುಭಕಾರ್ಯ ಇಲ್ಲ. ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೋಗುತ್ತಾಳೆ. ಚಾಮರಾಜೇಶ್ವರನ ತೇರು ಎಳೆಯುವುದು ಅದೇ ಆಷಾಢದಲ್ಲಿ. ತೇರಿಗೆ ಬರುವವರಲ್ಲಿ ಹೊಸ ಗಂಡಹೆಂಡಿರೇ ಜಾಸ್ತಿ. ಬಾಳೆಹಣ್ಣಿಗೆ ಜವನ ಸಿಕ್ಕಿಸಿ ತೇರಿನ ಕಡೆ ಎಸೆಯುತ್ತಾರೆ. ನಾನು ಒಂದು ಸಲ ಹೋಗಿದ್ದೆ. ಹೊಸ ಸೀರೆಯ ಹುಡುಗಿಯೊಬ್ಬಳು ಮೂರು ಸಲ ಎಸೆದರೂ ಹಣ್ಣು ತೇರು ಮುಟ್ಟಲಿಲ್ಲ. ಗಂಡ ಅವಳ ಕೈ ಹಿಡಿದು ಜೊತೆಗೆ ಎಸೆದ. ತಾಗಿತು. ಅವಳು ನಕ್ಕಿದ್ದು ನನಗೆ ಇನ್ನೂ ನೆನಪಿದೆ. ಕೆಟ್ಟ ಊರು, ಕೆಟ್ಟ ತಿಂಗಳು ಅಂತ ಅನ್ನಿಸಿಕೊಂಡ ಜಾಗದಲ್ಲಿ ಅಷ್ಟೊಂದು ಸಂತೋಷ ತುಂಬಿತ್ತು.

ಊರಿಗೇ ಹೀಗಾದರೆ ಮನುಷ್ಯರ ಪಾಡು ಕೇಳಬೇಕೆ? ಎದುರು ಬರುವವರ ಪಟ್ಟಿ ಅಜ್ಜಿಗೆ ಬಾಯಿಪಾಠ. ತುಂಬಿದ ಕೊಡ, ಮುತ್ತೈದೆ, ಮಡಿಬಟ್ಟೆ ಹೊತ್ತ ಅಗಸ ಬಂದರೆ ಒಳ್ಳೆಯದು. ಸೌದೆ ಹೊರೆ ಹೊತ್ತವರು, ಎಣ್ಣೆ ತರುವವರು ಬಂದರೆ ಕೆಟ್ಟದ್ದು. ಅವರು ಸೌದೆ ಹೊರದೆ ಇದ್ದರೆ ನಮ್ಮ ಒಲೆ ಉರಿಯುತ್ತಿತ್ತಾ? ಹೆಣ ಎದುರಾದರೂ ಒಳ್ಳೆಯ ಶಕುನವೇ ಅಂತೆ. ಒಂದು ದಿನ ಅತ್ತೆ ಹುಣಸೆಹಣ್ಣು ಬಿಡಿಸುತ್ತಾ, ತಲೆ ಎತ್ತದೆ, ಮೆಲ್ಲಗೆ ಹೇಳಿದರು. ‘ಸತ್ತ ಮೇಲೆ ನಾನೂ ಒಳ್ಳೆ ಶಕುನ ಆಗ್ತೀನಿ ಕಣೇ.’

ನಾನು ಆಗ ಕಾಲೇಜು ಓದುತ್ತಿದ್ದೆ. ಅವರ ಬೆರಳಿಗೆ ಹುಣಸೆ ನಾರು ಸುತ್ತಿಕೊಂಡಿತ್ತು. ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಹಿರಿಯರು ಏನನ್ನೂ ಸುಮ್ನೆ ಮಾಡಿಲ್ಲ, ಎಲ್ಲದಕ್ಕೂ ವಿಜ್ಞಾನ ಇದೆ ಅಂತ ಈಗ ಮೊಬೈಲಿಗೆ ದಿನಾ ಸಂದೇಶ ಬರುತ್ತದೆ. ನಿಂಬೆಹಣ್ಣಿಗೊಂದು ಕಾರಣ, ಹೊಸ್ತಿಲಿಗೊಂದು ಕಾರಣ. ಇರಲಿ. ಅತ್ತೆ ಬಾಗಿಲ ಹಿಂದೆ ನಿಲ್ಲಬೇಕಾಗಿದ್ದಕ್ಕೆ ಯಾವ ವಿಜ್ಞಾನ ಇದೆ ಅಂತ ಆ ಸಂದೇಶ ಕಳಿಸುವವರನ್ನು ನಾನು ಕೇಳಿದ್ದೇನೆ. ಯಾರೂ ಹೇಳಿಲ್ಲ.

ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳನ್ನು ತಡೆಯಲು ನಮ್ಮ ರಾಜ್ಯ 2017ರಲ್ಲಿ ಕಾನೂನು ತಂದಿತು. ಅದು ಬೇಕಾಗಿತ್ತು. ಆದರೆ ಕಾನೂನು ಅಡುಗೆಮನೆಯವರೆಗೆ ಬರುವುದಿಲ್ಲ. ಅಲ್ಲಿಗೆ ನಾವೇ ಹೋಗಬೇಕು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ಇದೆಯಲ್ಲ, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ್ದು, ಅಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರಾಗಿ ನೇಮಿಸಿದರು. ಎದುರು ಬರಬಾರದು ಅನ್ನಿಸಿಕೊಂಡವರ ಕೈಯಿಂದಲೇ ಜನ ಆರತಿ, ಪ್ರಸಾದ ತೆಗೆದುಕೊಂಡರು. ಆ ಸುದ್ದಿ ಓದಿ ಪೇಪರನ್ನು ಅತ್ತೆಯ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಅದನ್ನು ಮಡಚಿ ತಮ್ಮ ಟ್ರಂಕಿನಲ್ಲಿಟ್ಟರು.

ಹೋದ ವರ್ಷ ನನ್ನ ಮಗಳು ಮೊದಲ ಇಂಟರ್‌ವ್ಯೂಗೆ ಹೊರಟಳು. ಅವಳು ಹಟ ಹಿಡಿದು ಅತ್ತೆಯನ್ನು ಕರೆದಳು, ಅಜ್ಜಿ, ನೀವೇ ಬಂದು ಕಳಿಸಿಕೊಡಬೇಕು ಅಂತ. ಅತ್ತೆ ಬೇಡ ಬೇಡ ಅಂದರು. ಕೊನೆಗೆ ಬಂದರು. ಹೊಸ್ತಿಲ ಮುಂದೆ ನಿಲ್ಲಲಿಲ್ಲ, ಪಕ್ಕಕ್ಕೆ ತುಳಸಿಕಟ್ಟೆಯ ಹತ್ತಿರ ನಿಂತರು. ಮಗಳು ಅಲ್ಲಿಗೇ ಹೋಗಿ ಕಾಲಿಗೆ ನಮಸ್ಕಾರ ಮಾಡಿದಳು.

ಆ ಕೆಲಸ ಸಿಗಲಿಲ್ಲ.

ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಯಾರೂ ಒಂದು ಮಾತು ಅಂದಿರಲಿಲ್ಲ, ಆದರೂ ಎಲ್ಲ ನನ್ನಿಂದಲೇ ಅನ್ನುವ ಹಾಗೆ ಮುಖ ತಗ್ಗಿಸಿಕೊಂಡು ಓಡಾಡಿದರು. ನಿಜ ಹೇಳುತ್ತೇನೆ, ನನ್ನ ಮನಸ್ಸೂ ಒಂದು ಕ್ಷಣ ಅಳುಕಿತು. ಅಷ್ಟು ಆಳಕ್ಕೆ ಇಳಿದಿದೆ ಇದು ನಮ್ಮಲ್ಲಿ.

ಮೂರು ತಿಂಗಳಿಗೆ ಇನ್ನೊಂದು ಇಂಟರ್‌ವ್ಯೂ ಬಂತು. ಅವತ್ತು ಬೆಳಗ್ಗೆ ಅತ್ತೆ ಹಿತ್ತಲಿಗೆ ಹೋಗಿ ಕೂತುಬಿಟ್ಟಿದ್ದರು. ಮಗಳು ಬ್ಯಾಗನ್ನು ಜಗಲಿ ಮೇಲಿಟ್ಟು ತಾನೂ ಕೂತಳು. ‘ಅಜ್ಜಿ ಬರೋವರೆಗೂ ನಾನು ಹೊರಡಲ್ಲ’ ಅಂದಳು. ಒಂದು ಬಸ್ಸು ಹೋಯಿತು. ಕೊನೆಗೆ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಈ ಸಲ ಹೊಸ್ತಿಲ ಹೊರಗೆ, ಮೆಟ್ಟಿಲ ಮೇಲೆ, ಎದುರಿಗೇ ನಿಂತರು. ಮೊಸರು ಸಕ್ಕರೆಯನ್ನು ಅವರೇ ಅವಳ ಅಂಗೈಗೆ ಹಾಕಿದರು. ‘ಹೋಗಿ ಬಾ ಮಗಾ’ ಅಂದರು.

ಆ ಕೆಲಸ ಸಿಕ್ಕಿತಾ ಅಂತ ನೀವು ಕೇಳಬಹುದು. ಅದನ್ನು ನಾನು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಅತ್ತೆಗೂ ಮತ್ತೆ ಗಂಟು ಹಾಕುತ್ತೇವೆ. ಅವರು ಮೆಟ್ಟಿಲ ಮೇಲೆ, ಬಸ್ಸು ತಿರುವು ದಾಟುವವರೆಗೂ, ನಿಂತೇ ಇದ್ದರು.

ನಮಸ್ಕಾರ.