ಜೂನ್ 27ರ ಆಚೆ ಈಚೆ

ಕೇಳುಗರಿಗೆ ನಮಸ್ಕಾರ.

ಸರ್ಕಾರಿ ಟೆಂಡರ್ ಹಾಕಿ ಪಳಗಿದವರ ಲೆಕ್ಕ ಒಂದೇ: ಕೊನೆಯ ದಿನ, ಹೇಳಿದ ಗಂಟೆಯೊಳಗೆ ಕಾಗದಪತ್ರ ಸಲ್ಲಿಸಿಬಿಟ್ಟರೆ ಅರ್ಧ ಗೆದ್ದಂತೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕ್ಯಾಸಿನೋ ಪರವಾನಗಿಗೆ ಅರ್ಜಿ ಹಾಕುವವರಿಗೆ ಈ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಅರ್ಜಿಗೆ ಕೊನೆಯ ದಿನ 2025ರ ಜೂನ್ 27 ಆಗಿತ್ತು. ಇದ್ದದ್ದು ಮೂರು ಪರವಾನಗಿ, ಬಂದದ್ದು ಎಂಟು ಅರ್ಜಿ. ಈ ಎಂಟರಲ್ಲಿ ಐದು ಕಣದಿಂದ ಹೊರಬಿದ್ದವು. ಅವೆಲ್ಲ ಸಮಯಕ್ಕೆ ಸರಿಯಾಗಿ ಬಂದ ಅರ್ಜಿಗಳೇ!

ಮೊದಲು ಸ್ವಲ್ಪ ಹಿನ್ನೆಲೆ. 2013ರಲ್ಲಿ ಅಲ್ಲಿನ ಮತದಾರರು ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ಒಪ್ಪಿ, ಏಳು ಕ್ಯಾಸಿನೋಗಳಿಗೆ ದಾರಿ ಮಾಡಿಕೊಟ್ಟರು. ಮೊದಲ ನಾಲ್ಕು ರಾಜ್ಯದ ಉತ್ತರ ಭಾಗಕ್ಕೆ ಹೋದವು. ಉಳಿದ ಮೂರು ನ್ಯೂಯಾರ್ಕ್ ನಗರ ಮತ್ತು ಅದರ ಸುತ್ತಮುತ್ತಲಿಗೆ. ಈ ಮೂರಕ್ಕೆ ಅರ್ಜಿ ಕರೆದದ್ದು 2023ರ ಜನವರಿ 3ರಂದು. ಅಂದರೆ ಅರ್ಜಿ ತುಂಬಲು ಹೆಚ್ಚುಕಡಿಮೆ ಎರಡೂವರೆ ವರ್ಷ ಸಿಕ್ಕಿತು. ಉದಾರ ಎನಿಸುತ್ತದೆ, ಅಲ್ಲವೇ? ಆದರೂ ಕೆಲವರಿಗೆ ಅದು ಸಾಲುವುದೇ ಕಷ್ಟವಾಯಿತು.

ಕಾರಣ ಜಮೀನು. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಸಿಟಿ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನವಿದೆ. ಫ್ಲಶಿಂಗ್‌ನ ಗಣೇಶ ದೇವಸ್ಥಾನಕ್ಕೆ ಹೋಗಿಬಂದ ಕನ್ನಡಿಗರಿಗೆ ಆ ಭಾಗ ಗೊತ್ತಿರುತ್ತದೆ. ಮೈದಾನದ ಪಕ್ಕದ ವಾಹನ ನಿಲ್ದಾಣದಲ್ಲಿ ಮೆಟ್ರೊಪಾಲಿಟನ್ ಪಾರ್ಕ್ ಎಂಬ ಎಂಟು ಬಿಲಿಯನ್ ಡಾಲರ್‌ನ ಯೋಜನೆ ಸಿದ್ಧವಾಯಿತು. ನೋಡಿದರೆ ಬರೀ ಡಾಂಬರು ಹಾಸಿದ ನೆಲ. ಕಾನೂನಿನ ಕಣ್ಣಿಗೆ ಮಾತ್ರ ಅದು ಉದ್ಯಾನ. ಉದ್ಯಾನದ ಜಾಗವನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ ರಾಜ್ಯ ಶಾಸಕಾಂಗವೇ ಕಾಯ್ದೆ ಮಾಡಬೇಕು. ಆ ಕ್ಷೇತ್ರದ ಸೆನೆಟರ್ ಮಸೂದೆ ಮಂಡಿಸಲು ಒಪ್ಪಲಿಲ್ಲ, ಪಕ್ಕದ ಕ್ಷೇತ್ರದವರು ಮಂಡಿಸಿದರು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2025ರ ಮೇ ಕೊನೆಯ ವಾರದಲ್ಲಿ, ಗಡುವಿಗೆ ಒಂದು ತಿಂಗಳು ಬಾಕಿ ಇದ್ದಾಗ. ಶಾಸಕಾಂಗದ ಒಪ್ಪಿಗೆಯೆಂಬ ಈ ಇನ್ನೊಂದು ಗಡುವು ಯಾವ ಅರ್ಜಿ ನಮೂನೆಯಲ್ಲೂ ಅಚ್ಚಾಗಿರಲಿಲ್ಲ. ಇನ್ನು ಕೆಲವು ದೊಡ್ಡ ಕಂಪನಿಗಳು ಅರ್ಜಿ ಹಾಕುವ ಮೊದಲೇ ಕೈಬಿಟ್ಟವು. ಲಾಸ್ ವೇಗಸ್ ಸ್ಯಾಂಡ್ಸ್ ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು, ವಿನ್ ಮೇ ತಿಂಗಳಲ್ಲಿ.

ಇನ್ನು ದುಡ್ಡಿನ ಮಾತು. ಅರ್ಜಿ ಶುಲ್ಕವೇ ಹತ್ತು ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಎಂಟು ಕೋಟಿ ರೂಪಾಯಿಗೂ ಮೇಲೆ. ಅರ್ಜಿದಾರರ ಪೂರ್ವಾಪರ ತನಿಖೆಗೆ ಈ ಹಣ ಬಳಕೆಯಾಗುತ್ತದೆ. ತನಿಖೆಯ ಖರ್ಚು ಇದನ್ನು ಮೀರಿದರೆ, ಪರವಾನಗಿ ಕೊಡುವ ರಾಜ್ಯದ ಜೂಜು ಆಯೋಗದಿಂದ ಸೂಚನೆ ಬರುತ್ತದೆ. ಸೂಚನೆ ಬಂದ ಮೂವತ್ತು ದಿನದೊಳಗೆ ಬಾಕಿ ಕಟ್ಟದಿದ್ದರೆ ಅರ್ಜಿ ತಿರಸ್ಕೃತ. ಮಿಕ್ಕರೆ ವಾಪಸ್ ಕೊಡುತ್ತಾರೆ. ಪರವಾನಗಿ ಸಿಕ್ಕಮೇಲೆ ಕಟ್ಟಬೇಕಾದ ಶುಲ್ಕ ಬೇರೆ, ಅದು ಕನಿಷ್ಠ ಐವತ್ತು ಕೋಟಿ ಡಾಲರ್. ಕಟ್ಟಡ, ಸಲಕರಣೆಗೆ ಹೂಡಬೇಕಾದ ಬಂಡವಾಳವೂ ಕನಿಷ್ಠ ಅಷ್ಟೇ.

ನಿಜವಾದ ಜರಡಿ ಜೂನ್ 27 ದಾಟಿದ ಮೇಲೆ. ಪ್ರತಿ ಅರ್ಜಿಗೂ ಒಂದೊಂದು ಸ್ಥಳೀಯ ಸಲಹಾ ಸಮಿತಿ. ಹೆಸರಿಗೆ ಸಲಹೆ, ಅಧಿಕಾರ ಮಾತ್ರ ವೀಟೋದ್ದು. ನಗರದೊಳಗಿನ ಅರ್ಜಿಯಾದರೆ ಆರು ಜನ: ರಾಜ್ಯಪಾಲರು, ಮೇಯರ್, ಆ ಬರೋದ (ಅಂದರೆ ನಗರದ ಆ ವಿಭಾಗದ) ಅಧ್ಯಕ್ಷರು, ಸ್ಥಳೀಯ ಸೆನೆಟರ್, ಅಸೆಂಬ್ಲಿ ಸದಸ್ಯರು, ನಗರಸಭಾ ಸದಸ್ಯರು, ಇವರ ಕಡೆಯಿಂದ ತಲಾ ಒಬ್ಬರು. (ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ಚುನಾಯಿತರಾದವರು, ನಮ್ಮ ಮುಖ್ಯಮಂತ್ರಿಗಳಂತೆ ಅನ್ನಿ.) ಕನಿಷ್ಠ ಎರಡು ಬಹಿರಂಗ ಸಭೆ ನಡೆಸಿ, ಸೆಪ್ಟೆಂಬರ್ 30ರೊಳಗೆ ಮತ ಹಾಕಬೇಕು. ಮೂರನೇ ಎರಡರಷ್ಟು ಬೇಕು, ಅಂದರೆ ಆರರಲ್ಲಿ ನಾಲ್ಕು. ಮೂರು-ಮೂರು ಬಂದರೂ ಸೋಲೇ. ಸಮಿತಿ ಬೇಡವೆಂದರೆ ಆ ಅರ್ಜಿ, ಅಂಕ ಕೊಟ್ಟು ಆಯೋಗಕ್ಕೆ ಶಿಫಾರಸು ಮಾಡುವ ರಾಜ್ಯ ಮಂಡಳಿಯ ಮೇಜಿನವರೆಗೂ ಹೋಗುವುದಿಲ್ಲ.

ಸೆಪ್ಟೆಂಬರ್ 17ರಂದು ಮ್ಯಾನ್‌ಹಾಟನ್‌ನ ಎರಡು ಅರ್ಜಿಗಳು ಒಂದೇ ದಿನ ಬಿದ್ದವು, ಟೈಮ್ಸ್ ಸ್ಕ್ವೇರ್‌ನದು ಮತ್ತು ಅವನೀರ್. 22ಕ್ಕೆ ಮ್ಯಾನ್‌ಹಾಟನ್‌ನದೇ ಫ್ರೀಡಂ ಪ್ಲಾಜಾ, 29ಕ್ಕೆ ಬ್ರೂಕ್ಲಿನ್‌ನ ಕೋನಿ ಐಲೆಂಡ್. ಟೈಮ್ಸ್ ಸ್ಕ್ವೇರ್ ಯೋಜನೆಗೆ ಬ್ರಾಡ್‌ವೇ ನಾಟಕಮಂದಿರಗಳ ಮಾಲೀಕರೇ ವಿರುದ್ಧ ನಿಂತಿದ್ದರು. ವಾಸ್ತುಶಿಲ್ಪಿಗೂ ವಕೀಲರಿಗೂ ಧಾರಾಳವಾಗಿ ಖರ್ಚು ಮಾಡಿ, ಅಕ್ಕಪಕ್ಕದವರ ಒಪ್ಪಿಗೆಯನ್ನು ಕೊನೆಗೆ ನೋಡಿಕೊಂಡರಾಯಿತು ಎಂದು ಬಿಟ್ಟರೆ ಆರು ಜನರ ಈ ಸಮಿತಿಯಲ್ಲಿ ನಾಲ್ಕು ಮತ ಹುಟ್ಟುವುದು ಕಷ್ಟ.

ಅತ್ತ ಕ್ವೀನ್ಸ್‌ನ ರೆಸಾರ್ಟ್ಸ್ ವರ್ಲ್ಡ್ ಎಂಬ ಅರ್ಜಿದಾರ ಸಂಸ್ಥೆ ಅಕ್ವಿಡಕ್ಟ್ ಕುದುರೆ ರೇಸ್ ಮೈದಾನದಲ್ಲಿ 2011ರಿಂದಲೇ ಜೂಜಿನ ಯಂತ್ರಗಳನ್ನು ನಡೆಸುತ್ತಿತ್ತು. ಸುತ್ತಲಿನವರಿಗೆ ಅದು ಹೊಸತಲ್ಲ. ಆರಕ್ಕೆ ಆರು ಮತವೂ ಸಿಕ್ಕವು.

ಸಮಿತಿ ದಾಟಿದವರಿಗೆ ಮತ್ತೊಂದು ಪೂರಕ ಅರ್ಜಿ. ಯಂತ್ರಗಳ ಗಳಿಕೆಯ ಮೇಲೆ ಕನಿಷ್ಠ ಶೇ. 25, ಟೇಬಲ್ ಆಟಗಳ ಮೇಲೆ ಕನಿಷ್ಠ ಶೇ. 10 ತೆರಿಗೆ. ಅದರ ಮೇಲೆ ಎಷ್ಟು ಕೊಡುತ್ತೀರಿ ಎಂಬುದನ್ನು ಅರ್ಜಿದಾರರೇ ಬರೆದುಕೊಡಬೇಕು. ರೆಸಾರ್ಟ್ಸ್ ವರ್ಲ್ಡ್ 56 ಮತ್ತು 30 ಎಂದು ಬರೆಯಿತು! ಇಲ್ಲಿ ಹುಷಾರಾಗಿರಬೇಕು. ಕಡಿಮೆ ಬರೆದರೆ ಮಂಡಳಿಯ ಮುಂದೆ ಸಪ್ಪೆ, ಹೆಚ್ಚು ಬರೆದರೆ ಪರವಾನಗಿ ಇರುವಷ್ಟು ಕಾಲ ಹೊರಬೇಕಾದ ಹೊರೆ. ಮಂಡಳಿ ಅಂಕ ಕೊಡುವಾಗ ಆರ್ಥಿಕ ಚಟುವಟಿಕೆಗೇ ಶೇ. 70 ತೂಕ. ಸ್ಥಳೀಯ ಪರಿಣಾಮ, ಕಾರ್ಮಿಕರ ಏಳಿಗೆ, ವೈವಿಧ್ಯ, ಇವಕ್ಕೆ ತಲಾ ಹತ್ತು.

ನ್ಯೂಯಾರ್ಕ್ ನಗರದ ಹೊರಗಿರುವ ಯಾಂಕರ್ಸ್‌ನ ಎಂಜಿಎಂ ಕಂಪನಿಯ ಕಥೆ ಇನ್ನೂ ವಿಚಿತ್ರ. ಅಲ್ಲಿನ ಐದು ಜನರ ಸಮಿತಿಯಲ್ಲಿ ಐದಕ್ಕೆ ಐದು ಮತ ಗೆದ್ದು, ಅಕ್ಟೋಬರ್ 14ರಂದು ತಾನಾಗಿಯೇ ಅರ್ಜಿ ಹಿಂದಕ್ಕೆ ಪಡೆಯಿತು. ಮೂವತ್ತು ವರ್ಷದ ಪರವಾನಗಿ ಸಿಗುತ್ತದೆಂದು ಲೆಕ್ಕ ಹಾಕಿದ್ದರು, ಹದಿನೈದೇ ವರ್ಷ ಎಂದು ಗೊತ್ತಾದಾಗ ಹೂಡಿದ ದುಡ್ಡು ಗಿಟ್ಟುವುದಿಲ್ಲ ಎನಿಸಿತು.

ಉಳಿದದ್ದು ಮೂರು: ರೆಸಾರ್ಟ್ಸ್ ವರ್ಲ್ಡ್, ಮೆಟ್ರೊಪಾಲಿಟನ್ ಪಾರ್ಕ್, ಬ್ರಾಂಕ್ಸ್‌ನ ಬ್ಯಾಲೀಸ್. ಡಿಸೆಂಬರ್ 1ರಂದು ಮಂಡಳಿ ಮೂವರನ್ನೂ ಶಿಫಾರಸು ಮಾಡಿತು. ಅದೇ ತಿಂಗಳ 15ಕ್ಕೆ ಆಯೋಗ ಪರವಾನಗಿ ಮಂಜೂರು ಮಾಡಿತು.

ನಮಸ್ಕಾರ.